ಸ್ಲೀವೋ ಬೈಪಾಸೋ ಆಮೇಲೆ, ಮೊದಲು ಎಂಡೋಸ್ಕೋಪಿ ಮಾಡಿಸಿ ತಂಗಿ

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ ತಂಗಿ. ವಯಸ್ಸು 34, ಎತ್ತರ 5 ಅಡಿ 2 ಇಂಚು, ತೂಕ 101 ಕೆಜಿ. ಮೂರು ವರ್ಷದಿಂದ ಶುಗರ್, ಜೊತೆಗೆ ಮುಟ್ಟು ಏರುಪೇರಾಗುವ ಪಿಸಿಓಡಿ. ತೂಕ ಇಳಿಸಲು ಹೊಟ್ಟೆಯ ಆಪರೇಷನ್ ಕೇಳಲು ಹೋದರೆ ಬೆಳಗಾವಿಯಲ್ಲಿ ಒಬ್ಬ ಡಾಕ್ಟರ್ ಸ್ಲೀವ್ ಅಂದರು, ಇನ್ನೊಬ್ಬರು ಮಿನಿ ಬೈಪಾಸ್ ಅಂದರು, ಅತ್ತೆ ಯಾವುದೂ ಬೇಡ ಅಂದರು. ಎರಡನೇ ಮಗುವಿನ ಆಸೆ ಇನ್ನೂ ಇದೆ. ಕೊನೆಗೆ ಒಂದು ಸಾಲು: "ಆಮೇಲೆ ಜೋಳದ ರೊಟ್ಟಿ ತಿನ್ನೋಕೆ ಬರುತ್ತಾ?" ಆ ಸಾಲಿಗೇ ಉತ್ತರ ಬರೆಯಲು ಕೂತೆ.

ನಾನು ಡಾಕ್ಟರ್ ಅಲ್ಲ. ಬಾಗಲಕೋಟೆ–ವಿಜಯಪುರ ರೂಟಿನ ಬಸ್ ಕಂಡಕ್ಟರ್, ವಯಸ್ಸು 49. 2024ರ ಜನವರಿಯಲ್ಲಿ ಬೈಪಾಸ್ ಮಾಡಿಸಿಕೊಂಡೆ. ಆಗ 126 ಕೆಜಿ ಇದ್ದೆ. ಇಳಿದು ಇಳಿದು 88ಕ್ಕೆ ಬಂದಿದ್ದೆ, ಈಗ ಮತ್ತೆ 92. ಆ ನಾಲ್ಕು ಕೆಜಿ ಹೇಗೆ ವಾಪಸ್ ಬಂತು ಅಂತ ನನಗೆ ಗೊತ್ತು, ನನ್ನ ಹೆಂಡತಿಗೂ ಗೊತ್ತು. ಆ ವಿಷಯ ಇಲ್ಲಿ ಬೇಡ.

ನಾನು ನಿರ್ಧಾರ ಮಾಡಿದ್ದು ಬಸ್ಸಿನಲ್ಲೇ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಬಸ್ ತುಂಬಿ ತುಳುಕಲು ಶುರುವಾಯಿತಲ್ಲ, ಹೆಣ್ಣುಮಕ್ಕಳಿಗೂ ಶೂನ್ಯ ಟಿಕೆಟ್ ಹರಿದು ಕೊಡಲೇಬೇಕು. ಅಂದರೆ ಹಿಂದಿನ ಸೀಟಿನ ತನಕ ಹೋಗಲೇಬೇಕು. ಅಡ್ಡ ತಿರುಗಿ ನಡೆದರೂ ನನ್ನ ಹೊಟ್ಟೆ ಸೀಟಿನ ಕಂಬಿಗೆ ತಾಗುತ್ತಿತ್ತು. ಒಂದು ದಿನ ಕೊಲ್ಹಾರದ ಸೇತುವೆ ಮೇಲೆ ಒಬ್ಬ ಅಜ್ಜಿ, "ಯಪ್ಪಾ, ನೀ ಅಲ್ಲೇ ನಿಂದ್ರು, ನಾವಾ ಕಳಸ್ತೀವಿ" ಅಂದಳು. ಹಿಂದಿನಿಂದ ಆಧಾರ್ ಕಾರ್ಡುಗಳು ಕೈಯಿಂದ ಕೈಗೆ ದಾಟಿ ನನ್ನ ಹತ್ತಿರ ಬಂದವು. ಟಿಕೆಟ್ ಕೂಡ ಹಾಗೇ ವಾಪಸ್ ಹೋದವು. ಇಡೀ ಬಸ್ ನಕ್ಕಿತು, ನಾನೂ ನಕ್ಕೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ. ಆಪರೇಷನ್ ಬೇಕಾ ಬೇಡವಾ ಅನ್ನೋದು ಮೊದಲು. ನಿಮ್ಮ ಕೆಜಿ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದರೆ ಬಿಎಂಐ ಸುಮಾರು 40.7 ಬರುತ್ತೆ. ಮೊದಲೆಲ್ಲ ಬಿಎಂಐ 40 ದಾಟಿರಬೇಕು, ಇಲ್ಲವೇ 35 ಇದ್ದು ಜೊತೆಗೆ ಕಾಯಿಲೆ ಇರಬೇಕು ಅನ್ನುತ್ತಿದ್ದರು. ಅದು 1991ರ ಅಮೆರಿಕದ ಲೆಕ್ಕ. 2022ರಲ್ಲಿ ಸರ್ಜನ್‌ಗಳ ಅಂತರರಾಷ್ಟ್ರೀಯ ಸಂಘಗಳು ಅದನ್ನು ಕಾಯಿಲೆ ಇರಲಿ ಬಿಡಲಿ 35ಕ್ಕೆ ಇಳಿಸಿದವು. ನಮ್ಮಂಥ ಏಷ್ಯಾದವರಿಗೆ ಕಡಿಮೆ ತೂಕದಲ್ಲೇ ಶುಗರ್ ಬರುತ್ತೆ ಅಂತ ಇನ್ನೂ ಕೆಳಗಿನ ಗೆರೆ ಹಾಕಿದವು. ಹಳೇ ಲೆಕ್ಕ ಹಿಡಿದರೂ, ಹೊಸದು ಹಿಡಿದರೂ ನೀವು ಒಳಗೇ ಇದ್ದೀರಿ. "ನನಗೆ ಅಷ್ಟು ದೊಡ್ಡ ಕಾಯಿಲೆಯಾ" ಅಂತ ಸಂಕೋಚ ಬೇಡ.

ಅತ್ತೆಯವರ ಮಾತು ಬೈಗುಳ ಅಲ್ಲ, ಭಯ. ನಮ್ಮವ್ವನೂ ಅದನ್ನೇ ಅಂದಿದ್ದಳು: "ಹೊಟ್ಟಿ ಕೊಯ್ಸ್ಕೊಳ್ಳೋ ಬದ್ಲಿ ಎರಡ್ ರೊಟ್ಟಿ ಕಡಿಮಿ ತಿನ್ನೋ." ಹನ್ನೆರಡು ವರ್ಷ ಕಡಿಮೆ ತಿಂದು ನೋಡಿದ್ದೆನಲ್ಲ! ಹತ್ತು ಕೆಜಿ ಇಳಿಯೋದು, ಹದಿನಾಲ್ಕು ಏರೋದು. ತೂಕ ಇಳಿದಂತೆ ಹಸಿವು ಜಾಸ್ತಿ ಮಾಡಿ ದೇಹ ಹಠ ಹಿಡಿಯುತ್ತೆ. ಈ ಆಪರೇಷನ್‌ಗಳು ಹೊಟ್ಟೆ ಚಿಕ್ಕದು ಮಾಡೋದಷ್ಟೇ ಅಲ್ಲ, ಹಸಿವಿನ ಹಾರ್ಮೋನನ್ನೂ ತಗ್ಗಿಸುತ್ತವೆ. ಜೀವದ ಅಪಾಯ ಇಲ್ಲವೇ ಇಲ್ಲ ಅಂತಲ್ಲ. ಆದರೆ ಅನುಭವ ಇರುವ ಕೈಯಲ್ಲಿ ಅದು ಸಾವಿರದಲ್ಲಿ ಒಂದರ ಆಸುಪಾಸು, ಹೆಚ್ಚುಕಡಿಮೆ ಪಿತ್ತಕೋಶದ ಆಪರೇಷನ್ನಿನಷ್ಟೇ. ಅತ್ತೆಯವರನ್ನು ಒಮ್ಮೆ ಡಾಕ್ಟರ್ ಹತ್ತಿರ ಕರೆದುಕೊಂಡೇ ಹೋಗಿ. ನಮ್ಮವ್ವ ಸರ್ಜನ್ ಎದುರು ಕೂತು ಕೇಳಿದ ಪ್ರಶ್ನೆಗಳು ನನಗೂ ಹೊಳೆದಿರಲಿಲ್ಲ.

ಒಂದು ಮಾತು ನಡುವೆ. ತೂಕ ಇಳಿಸಲು ವಾರಕ್ಕೊಂದು ಸೂಜಿ ಈಗ ಬಂದಿದೆ. ಮೌಂಜಾರೊ ನಮ್ಮ ದೇಶಕ್ಕೆ ಬಂದದ್ದು 2025ರ ಮಾರ್ಚ್‌ನಲ್ಲಿ, ವೆಗೋವಿ ಅದೇ ಜೂನ್‌ನಲ್ಲಿ. ನನ್ನ ಕಾಲಕ್ಕೆ ಅವು ಇರಲಿಲ್ಲ. ಇದ್ದಿದ್ದರೆ ಮೊದಲು ಅದನ್ನೇ ನೋಡುತ್ತಿದ್ದೆನೇನೋ. ಮೌಂಜಾರೊ ಪರೀಕ್ಷೆಯಲ್ಲಿ ದೊಡ್ಡ ಡೋಸ್ ತಗೊಂಡವರಲ್ಲಿ 72 ವಾರಕ್ಕೆ ಶೇ 20ರಷ್ಟು ತೂಕ ಇಳಿದಿತ್ತು. ಶುಗರ್ ಇದ್ದವರಲ್ಲಿ ಶೇ 15ರ ಹತ್ತಿರ. ನಿಲ್ಲಿಸಿದರೆ ಬಹುಪಾಲು ವಾಪಸ್ ಬರುತ್ತೆ. ನಿಮ್ಮ ಡಾಕ್ಟರಿಬ್ಬರೂ ಇದರ ಬಗ್ಗೆ ಬಾಯಿಯೇ ಬಿಟ್ಟಿಲ್ಲ ಅಂದರೆ ನೀವೇ ಕೇಳಿ.

ಇನ್ನು ಯಾವ ಆಪರೇಷನ್ ಅನ್ನೋದು. ಇಲ್ಲೇ ನಾನು ಎಡವುವುದರಲ್ಲಿದ್ದೆ. ಮೊದಲು ಹೋದ ಕಡೆ, ಹೆಸರು ಬೇಡ, ಇಪ್ಪತ್ತು ನಿಮಿಷದಲ್ಲಿ ಸ್ಲೀವ್ ಅಂತ ತೀರ್ಮಾನ ಆಗಿ, ಪ್ಯಾಕೇಜಿನ ರೇಟು ಬರೆದ ಚೀಟಿ ಕೈಗೆ ಬಂತು. ನಾನು ಕೇಳಿದ್ದು ಒಂದೇ ಪ್ರಶ್ನೆ: ಎಷ್ಟು ಕೆಜಿ ಇಳಿಯುತ್ತೆ? ಅವರು ಕೇಳದೇ ಬಿಟ್ಟದ್ದೂ ಒಂದೇ ಪ್ರಶ್ನೆ: ರಾತ್ರಿ ಎದೆ ಉರಿಯುತ್ತಾ? ಮಗಳು ಬಿ.ಫಾರ್ಮ ಓದುತ್ತಾಳೆ. ಆ ಚೀಟಿ ನೋಡಿ, "ಅಪ್ಪಾ, ನೀ ದಿನಾ ಎರಡು ದಿಂಬು ಹಾಕ್ಕೊಂಡು ಮಲಗ್ತೀ, ಅದನ್ನ ಹೇಳಿದೇನು?" ಅಂದಳು. ಹೇಳಿರಲಿಲ್ಲ.

ಎರಡನೇ ಸರ್ಜನ್ ಮೊದಲು ಎಂಡೋಸ್ಕೋಪಿ ಮಾಡಿಸಿದರು, ಅಂದರೆ ಬಾಯಿಂದ ಕ್ಯಾಮೆರಾ ಇರುವ ಸಪೂರ ಕೊಳವೆ ಬಿಟ್ಟು ಜಠರದ ತನಕ ನೋಡೋದು. ಅನ್ನನಾಳದ ಕೆಳಗೆ ಆಸಿಡ್‌ನಿಂದ ಹುಣ್ಣಾಗಿತ್ತು, ಜೊತೆಗೆ ಸಣ್ಣ ಹರ್ನಿಯಾ, ಅಂದರೆ ಜಠರದ ಮೇಲ್ತುದಿ ಎದೆಗೂಡಿನೊಳಗೆ ನುಸುಳೋದು. "ನಿಮಗೆ ಸ್ಲೀವ್ ಮಾಡಿದರೆ ಆಮೇಲೆ ನನ್ನನ್ನ ಬೈತೀರಿ" ಅಂದರು.

ಯಾಕೆ ಅಂತ ನನಗೆ ತಿಳಿದಷ್ಟು ಹೇಳುತ್ತೇನೆ. ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಕತ್ತರಿಸಿ ಹೊರಗೆ ತೆಗೆಯುತ್ತಾರೆ. ಉಳಿಯೋದು ಬಾಳೆಕಾಯಿಯಂಥ ಒಂದು ಕೊಳವೆ. ಕರುಳಿಗೆ ಕೈ ಹಾಕೋದಿಲ್ಲ, ಅದು ಅದರ ಒಳ್ಳೇ ಗುಣ. ಆದರೆ ಅಗಲದ ಚೀಲ ಸಪೂರ ಕೊಳವೆಯಾದಾಗ ಒಳಗಿನ ಒತ್ತಡ ಏರುತ್ತೆ, ಆಸಿಡ್ ಮೇಲಕ್ಕೆ ನುಗ್ಗುತ್ತೆ. ಫಿನ್ಲೆಂಡ್‌ನಲ್ಲಿ 240 ಜನರಿಗೆ ಕೆಲವರಿಗೆ ಸ್ಲೀವ್, ಕೆಲವರಿಗೆ ಬೈಪಾಸ್ ಮಾಡಿ, ಹತ್ತು ವರ್ಷ ಬಿಟ್ಟು ಎಂಡೋಸ್ಕೋಪಿ ಹಾಕಿ ನೋಡಿದರು. ಅನ್ನನಾಳ ಕೆಂಪಗಾಗಿದ್ದು ಸ್ಲೀವ್‌ನವರಲ್ಲಿ ಶೇ 31, ಬೈಪಾಸ್‌ನವರಲ್ಲಿ ಶೇ 7. ಮಗಳು ಓದಿ ಹೇಳಿದಾಗ ಎರಡು ದಿಂಬಿನ ಕಡೆ ನೋಡಿದೆ.

ಬೈಪಾಸ್‌ನಲ್ಲಿ ಜಠರದ ಮೇಲ್ಭಾಗದಲ್ಲಿ ಒಂದು ಪುಟ್ಟ ಚೀಲ ಮಾಡಿ, ಕರುಳನ್ನು ಕತ್ತರಿಸಿ ಅದಕ್ಕೆ ಜೋಡಿಸುತ್ತಾರೆ. ಉಳಿದ ಜಠರ ಒಳಗೇ ಇರುತ್ತೆ, ಊಟ ಮಾತ್ರ ಆ ಕಡೆ ಹಾಯೋದಿಲ್ಲ. ನನ್ನದು ಎರಡು ಜೋಡಣೆಯ ಹಳೇ ಬೈಪಾಸ್, ರೂ-ಎನ್-ವೈ ಅಂತಾರೆ. ನಿಮಗೆ ಹೇಳಿದ ಮಿನಿ ಬೈಪಾಸ್‌ನಲ್ಲಿ ಜೋಡಣೆ ಒಂದೇ, ಹೊತ್ತೂ ಕಡಿಮೆ. ತೂಕಕ್ಕೂ ಶುಗರ್‌ಗೂ ಒಳ್ಳೇ ಕೆಲಸ ಮಾಡುತ್ತೆ. ಆದರೆ ಪಿತ್ತರಸ ಆ ಚೀಲಕ್ಕೆ ಹಿಂದಕ್ಕೆ ಬರುವ ಸಾಧ್ಯತೆ ಇದೆ. ಬಿಟ್ಟುಹೋಗುವ ಕರುಳು ಉದ್ದ ಇರೋದರಿಂದ ಸತ್ವದ ಕೊರತೆಯೂ ಜಾಸ್ತಿ ಕಾಣುತ್ತೆ.

ಶುಗರ್ ವಿಷಯದಲ್ಲಿ ಬೈಪಾಸ್ ಒಂದು ಕೈ ಮುಂದೆ. ಅಮೆರಿಕದ ಒಂದು ಪರೀಕ್ಷೆಯಲ್ಲಿ 150 ಶುಗರ್ ರೋಗಿಗಳನ್ನು ಐದು ವರ್ಷ ನೋಡಿದರು. ಮೂರು ತಿಂಗಳ ಸರಾಸರಿ, ಅದೇ ಎಚ್‌ಬಿಎ1ಸಿ, 6ರ ಒಳಗೆ ಉಳಿದದ್ದು ಬೈಪಾಸ್‌ನಲ್ಲಿ ಶೇ 29, ಸ್ಲೀವ್‌ನಲ್ಲಿ ಶೇ 23, ಬರೀ ಔಷಧಿಯಲ್ಲಿ ಶೇ 5. ಎರಡು ಆಪರೇಷನ್‌ಗಳ ನಡುವಿನ ಅಂತರ ಅಷ್ಟೇನೂ ದೊಡ್ಡದಲ್ಲ ನೋಡಿ. ಶುಗರ್ ಬಂದು ಕಡಿಮೆ ವರ್ಷ ಆಗಿದ್ದಷ್ಟೂ ಫಲ ಒಳ್ಳೇದು. ನಿಮ್ಮದು ಮೂರೇ ವರ್ಷ, ಅದು ನಿಮ್ಮ ಅದೃಷ್ಟ. ನನ್ನದು ಒಂಬತ್ತು ವರ್ಷದ್ದು. ಇನ್ಸುಲಿನ್ ಹೋಯಿತು, ಒಂದು ಗುಳಿಗೆ ಉಳಿಯಿತು.

ಇನ್ನು ಗುಳಿಗೆ. ಇದನ್ನು ಯಾರೂ ಜೋರಾಗಿ ಹೇಳೋದಿಲ್ಲ. ಬೈಪಾಸ್ ಆದ ಮೇಲೆ ಕಬ್ಬಿಣ, ಕ್ಯಾಲ್ಸಿಯಂ, ಡಿ, ಬಿ12 ಎಲ್ಲಾ ಸಾಯೋತನಕ. ಸ್ಲೀವ್ ಆದರೂ ವಿಟಮಿನ್ ತಪ್ಪೋದಿಲ್ಲ, ಆದರೆ ಕೊರತೆ ಕಡಿಮೆ. ಕ್ಯಾಲ್ಸಿಯಂ ಕೂಡ ಸಿಟ್ರೇಟ್ ಅಂತ ಕೇಳಿ ತರಬೇಕು, ಕಾರ್ಬೊನೇಟ್ ಅರಗಲು ಆಸಿಡ್ ಬೇಕಾಗುತ್ತೆ. ಐರನ್ ಗುಳಿಗೆ, ಕ್ಯಾಲ್ಸಿಯಂ ಗುಳಿಗೆ ಒಟ್ಟಿಗೆ ನುಂಗಬಾರದು, ಎರಡು ತಾಸು ಬಿಡಬೇಕು. ನನಗೆ ಬಸ್ಸೇ ಗಡಿಯಾರ: ಬಾಗಲಕೋಟೆ ಸ್ಟ್ಯಾಂಡ್ ಬಿಡುವಾಗ ಐರನ್, ವಿಜಯಪುರ ಮುಟ್ಟಿದಾಗ ಕ್ಯಾಲ್ಸಿಯಂ. ಚಹಾ ಐರನ್‌ಗೆ ಅಡ್ಡಿ, ಅದಕ್ಕೇ ಚಹಾನೂ ವಿಜಯಪುರಕ್ಕೆ ಹೋಯಿತು. ಡ್ರೈವರ್‌ಗೆ ಇವತ್ತಿಗೂ ಆ ಬೇಜಾರಿದೆ. ನಿಮ್ಮ ಕೈಯಲ್ಲಿ ಇದು ಸಾಧ್ಯವಾ ಅಂತ ನೀವೇ ಯೋಚಿಸಿ. ಈಗಿನ ಶುಗರ್ ಗುಳಿಗೆ ವಾರಕ್ಕೆ ಎರಡು ದಿನ ಮರೆಯುತ್ತೀರಾ? ಹಾಗಿದ್ದರೆ ಆ ಮಾತು ಸರ್ಜನ್‌ಗೆ ಮುಚ್ಚಿಡಬೇಡಿ.

ಸಿಗರೇಟು ನನ್ನ ಇನ್ನೊಂದು ಚಟ. ಅದನ್ನು ಬಿಡದೇ ಆಪರೇಷನ್ ಇಲ್ಲ ಅಂತ ಷರತ್ತು ಹಾಕಿದ್ದರು, ಜೋಡಣೆ ಜಾಗದಲ್ಲಿ ಹುಣ್ಣಾಗುತ್ತೆ ಅಂತ. ಮೊಣಕಾಲು ನೋವಿಗೆ ಮೆಡಿಕಲ್ ಶಾಪಿನಲ್ಲಿ ಸುಮ್ನೆ ಕೇಳಿ ತಗೊಳ್ಳುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೂಡ ಅದೇ ಕಾರಣಕ್ಕೆ ಬಂದ್.

ಡಂಪಿಂಗ್ ಅಂತ ಒಂದಿದೆ, ಅದನ್ನು ನಾನು ಓದಿ ಕಲಿತಿದ್ದಲ್ಲ. ಆಪರೇಷನ್ ಆಗಿ ಐದನೇ ತಿಂಗಳು, ಮುಧೋಳದ ಕಡೆ ಒಂದು ಮದುವೆ. ಎಲೆಯ ಮೇಲೆ ಗೋಧಿ ಹುಗ್ಗಿ, ಅದರ ಮೇಲೆ ತುಪ್ಪ. ಎರಡು ತುತ್ತು ತಿಂದರೆ ಏನಾದೀತು ಅಂತ ತಿಂದೆ. ಹತ್ತು ನಿಮಿಷಕ್ಕೆ ಎದೆ ಡವಡವ, ಮೈಯೆಲ್ಲ ಬೆವರು, ಕಾಲಲ್ಲಿ ಜೀವ ಇಲ್ಲ. ಪೆಂಡಾಲಿನ ಹಿಂದೆ ಅಕ್ಕಿ ಚೀಲದ ಮೇಲೆ ಅರ್ಧ ತಾಸು ಮಲಗಿದ್ದೆ. ಸಿಹಿ ಒಮ್ಮೆಲೇ ಕರುಳಿಗೆ ಇಳಿದರೆ ಹೀಗಾಗುತ್ತೆ. ಸ್ಲೀವ್‌ನವರಿಗೆ ಇದು ಕಡಿಮೆ. ನನ್ನ ಹೆಂಡತಿಯ ತಮ್ಮ ಸ್ಲೀವ್ ಮಾಡಿಸಿಕೊಂಡಿದ್ದಾನೆ, ಅವನಿಗೆ ಎದೆಯುರಿ ಇರಲೇ ಇಲ್ಲ, ಆರಾಮಾಗಿದ್ದಾನೆ. ಅದೇ ಮದುವೆಯಲ್ಲಿ ಅವನು ಹುಗ್ಗಿ ಎರಡು ಸಲ ಹಾಕಿಸಿಕೊಂಡ. ಅವನಿಗೆ ಅದೇ ಅಪಾಯ ಅಂತ ನಾನು ಹೇಳುತ್ತೇನೆ, ಅವನು ಹೊಟ್ಟೆಕಿಚ್ಚು ಅನ್ನುತ್ತಾನೆ.

ಮಗುವಿನ ವಿಷಯ ಡಾಕ್ಟರ್ ಹತ್ತಿರ ಮೊದಲೇ ಬಿಚ್ಚಿ ಹೇಳಿ. ಆಪರೇಷನ್ ಆದ ಮೇಲೆ 12ರಿಂದ 18 ತಿಂಗಳು ಬಸಿರಾಗಬಾರದು ಅನ್ನುತ್ತಾರೆ. ಕಷ್ಟ ಏನಂದರೆ, ತೂಕ ಇಳಿದ ಕೂಡಲೇ ಪಿಸಿಓಡಿ ಇದ್ದವರಿಗೆ ಮುಟ್ಟು ಸರಿಯಾಗಿ, ನೆನೆಸದೇ ಇದ್ದಾಗ ಬಸಿರು ನಿಲ್ಲಬಹುದು. ಬೈಪಾಸ್ ಆದವರು ಬಸಿರು ತಡೆಯಲು ನುಂಗುವ ಗುಳಿಗೆಯನ್ನೇ ನಂಬಿ ಕೂರಬಾರದು, ಬೇರೆ ದಾರಿ ಸ್ತ್ರೀರೋಗ ತಜ್ಞರನ್ನು ಕೇಳಿ. ಮೂರರಿಂದ ಆರು ತಿಂಗಳ ನಡುವೆ ಕೂದಲು ಉದುರುತ್ತೆ, ಮತ್ತೆ ಬರುತ್ತೆ. ದಿನಕ್ಕೆ 60 ಗ್ರಾಂ ಪ್ರೋಟೀನ್ ಹೋಗಲೇಬೇಕು.

ಇಷ್ಟೆಲ್ಲ ಹೇಳಿ ನನ್ನ ಮನಸ್ಸಿನಲ್ಲಿದ್ದದ್ದು ಹೇಳದಿದ್ದರೆ ಹೇಗೆ? ನಿಮಗೆ ಹುಳಿತೇಗು, ಎದೆಯುರಿ ಇಲ್ಲ, ಎಂಡೋಸ್ಕೋಪಿಯೂ ಕ್ಲೀನ್ ಬಂತು ಅಂದರೆ, ನಿಮ್ಮ ಜಾಗದಲ್ಲಿ ನಾನು ಸ್ಲೀವ್ ಕಡೆ ವಾಲುತ್ತಿದ್ದೆ. ಮಗು ಬೇಕು, ಶುಗರ್ ಇನ್ನೂ ಎಳೇದು, ನಾಳೆ ಸಾಲದೇ ಹೋದರೆ ಸ್ಲೀವನ್ನು ಬೈಪಾಸ್‌ಗೆ ಬದಲಿಸಬಹುದು. ತೆಗೆದ ಜಠರ ಮಾತ್ರ ವಾಪಸ್ ಬರಲ್ಲ, ಅದು ನೆನಪಿರಲಿ. ಎಂಡೋಸ್ಕೋಪಿಯಲ್ಲಿ ಹುಣ್ಣು, ಹರ್ನಿಯಾ ಕಂಡರೆ ಸ್ಲೀವ್ ಮಾತು ಬಿಟ್ಟು, ಎರಡು ಬೈಪಾಸ್‌ಗಳಲ್ಲಿ ಯಾವುದು, ಯಾಕೆ ಅಂತ ಕೇಳಿ. ಇಬ್ಬರು ಡಾಕ್ಟರ್ ಎರಡು ಮಾತು ಹೇಳಿದ್ದು ಮೋಸ ಅಂದುಕೊಳ್ಳಬೇಡಿ. ಇಬ್ಬರಿಗೂ ರಿಪೋರ್ಟ್ ಇಲ್ಲದೇ ಕೇಳಿದರೆ ಅವರವರ ಕೈಗೆ ಪಳಗಿದ್ದನ್ನೇ ಹೇಳುತ್ತಾರೆ ಅಲ್ವಾ?

ವಿಮೆ ಇದ್ದರೆ ಒಂದು ಕೆಲಸ. 2019ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಗೊತ್ತುಮಾಡಿದ ಷರತ್ತಿನಲ್ಲಿ ಬಿಎಂಐ 40 ಇರಬೇಕು, ಇಲ್ಲವೇ 35 ಇದ್ದು ಹತೋಟಿಗೆ ಬಾರದ ಶುಗರ್‌ನಂಥ ಗಟ್ಟಿ ಕಾಯಿಲೆ ಇರಬೇಕು ಅಂತಿದೆ. ನಿಮ್ಮದು 40ರ ಗೆರೆ ಮೇಲೇ ನಿಂತಿದೆ. ಆಪರೇಷನ್ನಿಗೆ ಮುಂಚೆ ಲಿವರ್ ಕುಗ್ಗಲಿ ಅಂತ ಎರಡು ವಾರ ಪಥ್ಯ ಮಾಡಿಸುತ್ತಾರೆ, ಅದರಲ್ಲೇ ಮೂರು ಕೆಜಿ ಹೋದರೆ ನೀವು ಗೆರೆ ಕೆಳಗೆ. ಹಾಗಾಗಿ ಮೊದಲ ದಿನದ ಎತ್ತರ, ತೂಕ ಡಾಕ್ಟರ ಚೀಟಿಯಲ್ಲಿ ತಾರೀಕು ಸಮೇತ ಬರೆಸಿಕೊಳ್ಳಿ. ನನಗೆ ವಿಮೆ ಸಿಗಲಿಲ್ಲ. ಮೂರೂವರೆ ಲಕ್ಷ ಕೈಯಿಂದ ಹೋಯಿತು.

ಇನ್ನು ರೊಟ್ಟಿ. ಮೊದಲ ಎರಡು ವಾರ ನೀರು, ಮಜ್ಜಿಗೆ, ಬೇಳೆ ಕಟ್ಟು. ಆಮೇಲೆ ಅರೆದದ್ದು, ಆಮೇಲೆ ಮೆತ್ತಗಿನದು. ಎರಡು ತಿಂಗಳಾದ ಮೇಲೆ ಹೆಂಡತಿ ಅಂಗೈ ಅಗಲದ ರೊಟ್ಟಿ ಬಡಿದಳು. ಅದರ ಕಾಲು ಭಾಗ ಮುರಿದು ಬೇಳೆ ಕಟ್ಟಿನಲ್ಲಿ ನೆನೆಸಿ ತಿಂದೆ. ಅಷ್ಟಕ್ಕೇ ಇಪ್ಪತ್ತೆರಡು ನಿಮಿಷ ಹಿಡಿಯಿತು, ಮಗಳು ಮೊಬೈಲಿನಲ್ಲಿ ನೋಡಿದ್ದಳು. ಈಗ ಬಿಸಿ ರೊಟ್ಟಿ ಒಂದು, ಬದನೆಕಾಯಿ ಎಣ್ಣೆಗಾಯಿ ಒಂದು, ಕಾಳಿನ ಪಲ್ಯ ಒಂದಿಷ್ಟು. ಊಟದ ನಡುವೆ ನೀರಿಲ್ಲ, ಅರ್ಧ ತಾಸು ಬಿಟ್ಟು ಕುಡಿಯಬೇಕು. ಖಡಕ್ ರೊಟ್ಟಿ ಮಾತ್ರ ಇನ್ನೂ ಒಣಗಿದ್ದು ತಿಂದರೆ ಗಂಟಲ ಕೆಳಗೆ ನಿಂತುಬಿಡುತ್ತೆ. ಮೊಸರಲ್ಲಿ ನೆನೆಸಿ, ಮೇಲೆ ಶೇಂಗಾ ಚಟ್ನಿ ಉದುರಿಸಿಕೊಂಡು ತಿನ್ನುತ್ತೇನೆ.