ಬೀಗ ಹಾಕಿದ ಮನೆಗೆ ಬೇರೆಯವರು ಬಂದು ಕೂತರೆ

ತಮ್ಮಾ,

ಅಕ್ಕಾ ಅಂತ ಕರೆದು ಬರೆದಿದ್ದೀಯ, ಹಾಗಾಗಿ ನೀನು ಅಂತಲೇ ಮಾತಾಡುತ್ತೇನೆ. ಅಟ್ಲಾಂಟಾಕ್ಕೆ ಬಂದು ಇನ್ನೂ ತಿಂಗಳು ತುಂಬಿಲ್ಲ, ಆಗಲೇ ಯಾರೋ ಕಳಿಸಿದ ವಿಡಿಯೋ ನೋಡಿ ನಿದ್ದೆ ಕೆಡಿಸಿಕೊಂಡಿದ್ದೀಯ. ಇಲ್ಲಿ ಖಾಲಿ ಮನೆಗೆ ಯಾರಾದರೂ ನುಗ್ಗಿ 30 ದಿನ ಇದ್ದರೆ ಮನೆ ಅವರದೇ ಆಗುತ್ತಂತೆ, ಪೊಲೀಸರೂ ಏನೂ ಮಾಡಲ್ಲವಂತೆ, ನಿಜವಾ ಅಂತ ಕೇಳಿದ್ದೀಯ. ಹಾಗಿದ್ದರೆ ಮುಂದೆ ಇಲ್ಲಿ ಮನೆ ಕೊಳ್ಳಬೇಕೋ ಬೇಡವೋ ಅಂತ ಯೋಚನೆ. ಇನ್ನೊಂದು ಕಡೆ ಬಳ್ಳಾರಿಯ ಚಿಂತೆ. ಅಮ್ಮನನ್ನು ಇಲ್ಲಿಗೆ ಕರೆಸಿಕೊಂಡರೆ ಸತ್ಯನಾರಾಯಣಪೇಟೆಯ ಮನೆ ನೋಡುವವರು ಯಾರು? ಮಹಡಿಯ ಬಾಡಿಗೆಯವರು ಬಂದು 12 ವರ್ಷ ಆಗುತ್ತಾ ಬಂತು, ಅವರಿಗೆ ಹಕ್ಕು ಬಂದುಬಿಡುತ್ತಾ? ನಾನು ವಕೀಲೆ ಅಲ್ಲ. ಆದರೆ ಇಲ್ಲಿ ಮನೆ ಮಾಡಿಕೊಂಡು, ಊರಲ್ಲೂ ಮನೆ ಇಟ್ಟುಕೊಂಡವಳು. ಗೊತ್ತಿರುವುದನ್ನು ಹೇಳುತ್ತೇನೆ.

ಆ 30 ದಿನದ ಮಾತು ನ್ಯೂಯಾರ್ಕ್ ನಗರದ್ದು. ಅಲ್ಲಿ ಒಂದು ಮನೆಯಲ್ಲಿ 30 ದಿನ ಕಾನೂನುಬದ್ಧವಾಗಿ ವಾಸ ಮಾಡಿದವರನ್ನು ಕೋರ್ಟಿನ ಆದೇಶ ಇಲ್ಲದೆ ಹೊರಗೆ ಹಾಕುವ ಹಾಗಿಲ್ಲ. ಅಷ್ಟೇ. ಮನೆ ಅವರ ಹೆಸರಿಗೆ ಆಗುವುದಿಲ್ಲ. ಹೆಸರಿಗೇ ಆಗುವ ಕಾನೂನು ಬೇರೆ ಇದೆ, ಅಡ್ವರ್ಸ್ ಪೊಸೆಷನ್ ಅಂತಾರೆ. ಅದಕ್ಕೆ ವರ್ಷಗಟ್ಟಲೆ ಬೇಕು. ನೀನಿರುವ ಜಾರ್ಜಿಯಾದಲ್ಲಿ 20 ವರ್ಷ. ಕೈಯಲ್ಲಿ ಕ್ರಯಪತ್ರದಂಥ ಒಂದು ಕಾಗದ ಇದ್ದರೆ 7 ವರ್ಷ. ನ್ಯೂಯಾರ್ಕಿನಲ್ಲಿ 10, ನ್ಯೂಜೆರ್ಸಿಯಲ್ಲಿ 30. ಕ್ಯಾಲಿಫೋರ್ನಿಯಾದಲ್ಲಿ 5 ವರ್ಷ ಸಾಕು, ಆದರೆ ಅಷ್ಟೂ ವರ್ಷದ ಆಸ್ತಿ ತೆರಿಗೆಯನ್ನು ಅವರೇ ಕಟ್ಟಿರಬೇಕು. ಎಲ್ಲೇ ಆಗಲಿ, ಮಾಲೀಕನ ಒಪ್ಪಿಗೆ ಇಲ್ಲದೆ, ಊರಿಗೆಲ್ಲ ಕಾಣುವ ಹಾಗೆ, ನಡುವೆ ಬಿಡದೆ ಇದ್ದಿರಬೇಕು. ಇಷ್ಟು ವರ್ಷ ತನ್ನ ಮನೆ ಕಡೆ ತಿರುಗಿ ನೋಡದ ಮಾಲೀಕ ಎಲ್ಲೋ ಒಬ್ಬ. ಕೋರ್ಟಿಗೆ ಹೋಗುವ ಇಂಥ ಕೇಸುಗಳಲ್ಲಿ ಜಾಸ್ತಿ ಬೇಲಿಯ ಜಗಳ. ಪಕ್ಕದವರ ಬೇಲಿ ನಾಲ್ಕು ಅಡಿ ಒಳಗೆ ಬಂದಿತ್ತು, ಯಾರೂ ಕೇಳಲಿಲ್ಲ, ಕೊನೆಗೆ ಆ ಪಟ್ಟಿ ಯಾರದು ಅನ್ನುವಂಥದ್ದು.

ಹಾಗಾದರೆ ಜನ ಯಾಕೆ ಅಳುತ್ತಾರೆ? ಮನೆ ಕೈತಪ್ಪಲ್ಲ ನಿಜ. ಆದರೆ ಮನೆ ವಾಪಸ್ ಕೈಗೆ ಬರುವಷ್ಟರಲ್ಲಿ ಮನುಷ್ಯ ಸೋತು ಹೋಗಿರುತ್ತಾನೆ. ನಮ್ಮ ಪರಿಚಯದವರೊಬ್ಬರ ವಿಷಯ ಹೇಳುತ್ತೇನೆ, ಅವರೂ ಕೊಪ್ಪಳದ ಕಡೆಯವರೇ. ಕೆಲಸ ಬೇರೆ ರಾಜ್ಯಕ್ಕೆ ಆಯಿತು. ಇಲ್ಲಿನ ಮನೆಯನ್ನು ಮಾರಾಟಕ್ಕಿಟ್ಟು, ಸಾಮಾನೆಲ್ಲ ಸಾಗಿಸಿ, ಬೀಗ ಹಾಕಿ ಹೋದರು. ಕೆಲವು ವಾರ ಆದ ಮೇಲೆ ಪಕ್ಕದ ಮನೆಯವರು ಫೋನ್ ಮಾಡಿ, ನಿಮ್ಮ ಹೊಸ ಬಾಡಿಗೆಯವರು ಕಸದ ಡಬ್ಬಿಯನ್ನು ರಸ್ತೆಯಲ್ಲೇ ಬಿಡುತ್ತಾರೆ, ಸ್ವಲ್ಪ ಹೇಳಿ ಅಂದರು. ಯಾವ ಬಾಡಿಗೆಯವರು? ವಿಮಾನ ಹತ್ತಿ ಬಂದು ನೋಡಿದರೆ ಬಾಗಿಲಿಗೆ ಹೊಸ ಬೀಗ. ವರಾಂಡಾದಲ್ಲಿ ಮಕ್ಕಳ ಸೈಕಲ್. ಪೊಲೀಸರು ಬಂದರು. ಒಳಗಿದ್ದ ಹೆಂಗಸು ಒಂದು ಲೀಸ್, ಅಂದರೆ ಬಾಡಿಗೆ ಕರಾರಿನ ಕಾಗದ ತಂದು ತೋರಿಸಿದಳು. ಮಾಲೀಕರ ಹೆಸರು ಇವರದೇ, ಆದರೆ ಒಂದು ಅಕ್ಷರ ತಪ್ಪು. ಸಹಿ ಇವರದ್ದಲ್ಲ. ಕರೆಂಟ್ ಬಿಲ್ ಆಕೆಯ ಹೆಸರಿನಲ್ಲಿತ್ತು. ಪೊಲೀಸರು ಎರಡೂ ಕಡೆಯ ಕಾಗದ ನೋಡಿದರು. ಯಾವುದು ಸುಳ್ಳು ಅಂತ ನಾವು ಹೇಳೋಕಾಗಲ್ಲ, ಇದು ಸಿವಿಲ್ ವಿಷಯ, ಕೋರ್ಟಿಗೆ ಹೋಗಿ ಅಂತ ಹೇಳಿ ಹೊರಟರು.

ಬಳ್ಳಾರಿ ಸ್ಟೇಷನ್ನಿನಲ್ಲೂ ಇದೇ ಮಾತು ಕೇಳುತ್ತೀವಲ್ವಾ? ಊರಲ್ಲಾದರೆ ಆಮೇಲೆ ನಾಲ್ಕು ಮಂದಿ ಹಿರಿಯರನ್ನು ಕೂಡಿಸಿ ಪಂಚಾಯ್ತಿ ಮಾಡುತ್ತೇವೆ. ಇಲ್ಲಿ ಆ ದಾರಿ ಇಲ್ಲ. ಅವರು ಕೋರ್ಟಿಗೆ ಹೋದರು. ಒಂದು ಸಲ ನೋಟಿಸ್ ಸರಿಯಾಗಿ ಮುಟ್ಟಲಿಲ್ಲ ಅಂತ ಮುಂದೆ ಹೋಯಿತು, ಇನ್ನೊಂದು ಸಲ ಎದುರಿನವರು ಸಮಯ ಕೇಳಿದರು. ತಿಂಗಳುಗಳೇ ಕಳೆದವು. ಅಷ್ಟೂ ದಿನ ಮನೆ ಸಾಲದ ಕಂತು, ತೆರಿಗೆ, ವಿಮೆ ಎಲ್ಲ ಇವರೇ ಕಟ್ಟಿದರು. ಕೊನೆಗೆ ಆದೇಶ ಸಿಕ್ಕಿ ಒಳಗೆ ಹೋದಾಗ ಒಲೆ ಇರಲಿಲ್ಲ. ಕಾರ್ಪೆಟ್ ಕಿತ್ತು ಎಸೆಯಬೇಕಾಯಿತು. ವಿಮೆಯವರು, ಮನೆ ಇಷ್ಟು ದಿನ ಖಾಲಿ ಇತ್ತು, ಹಾನಿಗೆ ಪೂರ್ತಿ ಕೊಡಲ್ಲ ಅಂದರು. ಇಲ್ಲಿನ ಬಹಳಷ್ಟು ಪಾಲಿಸಿಗಳಲ್ಲಿ ಮನೆ 30 ಅಥವಾ 60 ದಿನ ಖಾಲಿ ಬಿದ್ದರೆ ಕೆಲವು ರಕ್ಷಣೆ ನಿಲ್ಲುತ್ತದೆ. ಇದನ್ನು ನೆನಪಿಟ್ಟುಕೋ, ಯಾರೂ ಮುಂಚೆ ಹೇಳುವುದಿಲ್ಲ.

ಇದು ಹೊಸ ಕಾನೂನಿಗಿಂತ ಮುಂಚಿನ ಮಾತು. ಈಗ ಸ್ವಲ್ಪ ಬದಲಾಗಿದೆ. 2024ರ ಏಪ್ರಿಲ್‌ನಲ್ಲಿ ಗವರ್ನರ್ ಬ್ರಯಾನ್ ಕೆಂಪ್ ಸಹಿ ಹಾಕಿದ ಜಾರ್ಜಿಯಾ ಕಾನೂನಿನ ಪ್ರಕಾರ, ಅಕ್ರಮವಾಗಿ ಮನೆಯಲ್ಲಿ ಕೂತವರಿಗೆ ಪೊಲೀಸರು ನೋಟಿಸ್ ಕೊಡಬಹುದು. ಮೂರು ಕೆಲಸದ ದಿನಗಳೊಳಗೆ ಅವರು ಲೀಸ್ ಮುಂತಾದ ದಾಖಲೆ ತೋರಿಸಬೇಕು. ತೋರಿಸದಿದ್ದರೆ ಅರೆಸ್ಟ್. ತೋರಿಸಿದರೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಬೇಗ ವಿಚಾರಣೆ. ಕಾಗದ ಖೋಟಾ ಅಂತ ಗೊತ್ತಾದರೆ ದೊಡ್ಡ ಅಪರಾಧ. ಫ್ಲೋರಿಡಾದಲ್ಲಿ 2024ರ ಜುಲೈ 1ರಿಂದ ಮಾಲೀಕ ಪ್ರಮಾಣ ಮಾಡಿ ದೂರು ಕೊಟ್ಟರೆ ಶೆರಿಫ್, ಅಂದರೆ ಅಲ್ಲಿನ ಜಿಲ್ಲಾ ಪೊಲೀಸ್ ಅಧಿಕಾರಿ, ನೇರವಾಗಿ ಬಂದು ಹೊರಗೆ ಹಾಕಬಹುದು. ನ್ಯೂಯಾರ್ಕ್ ರಾಜ್ಯ ಕೂಡ ಅದೇ ವರ್ಷ ಸ್ಕ್ವಾಟರ್, ಅಂದರೆ ಹೀಗೆ ಅಕ್ರಮವಾಗಿ ಮನೆ ಸೇರಿ ಕೂತವನು, ಬಾಡಿಗೆದಾರನಲ್ಲ ಅಂತ ಕಾನೂನಿನಲ್ಲಿ ಸ್ಪಷ್ಟವಾಗಿ ಬರೆಯಿತು.

ಆದರೆ ಒಂದನ್ನು ಗಮನಿಸು. ಇವೆಲ್ಲ ಹಕ್ಕೇ ಇಲ್ಲದೆ ನುಗ್ಗಿದವರಿಗೆ ಮಾತ್ರ. ನೀನೇ ಬಾಡಿಗೆಗೆ ಕೊಟ್ಟು, ಅವರು ಬಾಡಿಗೆ ನಿಲ್ಲಿಸಿದರೆ ಅದು ಹಳೆಯ ದಾರಿಯೇ: ನೋಟಿಸ್, ಕೋರ್ಟು, ಅವರ ಉತ್ತರಕ್ಕೆ ಏಳು ದಿನ, ಆಮೇಲೆ ಆದೇಶ, ಆಮೇಲೆ ಶೆರಿಫ್.

ಎಂಥ ಸಿಟ್ಟು ಬಂದರೂ ಕೈಯಾರೆ ಏನೂ ಮಾಡಬೇಡ. ಬೀಗ ಬದಲಿಸುವುದು, ಕರೆಂಟ್ ತೆಗೆಸುವುದು, ನೀರು ನಿಲ್ಲಿಸುವುದು, ಸಾಮಾನು ಹೊರಗೆ ಎಸೆಯುವುದು ಇಲ್ಲಿ ಮಾಲೀಕನಿಗೇ ತಿರುಗಿಬೀಳುತ್ತದೆ. 2024ರಲ್ಲಿ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಅಪ್ಪ ಅಮ್ಮ ಬಿಟ್ಟುಹೋದ ಮನೆಯಲ್ಲಿ ಬೇರೆಯವರು ಸೇರಿಕೊಂಡಿದ್ದಾರೆ ಅಂತ ಒಬ್ಬ ಹೆಂಗಸು ಬೀಗ ಬದಲಿಸಿದಳು. ಪೊಲೀಸರು ಕೋಳ ಹಾಕಿ ಕರೆದುಕೊಂಡು ಹೋಗಿದ್ದು ಆಕೆಯನ್ನೇ. ನೀನು ಎಚ್-1ಬಿ ಕೆಲಸದ ವೀಸಾ ಮೇಲೆ ಇರುವವನು. ಒಂದು ಅರೆಸ್ಟ್ ಆದರೆ ಮನೆಯ ಜೊತೆ ವೀಸಾಕ್ಕೂ ತೊಂದರೆ.

ಇದನ್ನೆಲ್ಲ ಕೇಳಿ ಇಲ್ಲಿನ ಕಾನೂನು ಕಳ್ಳರ ಪರ ಅಂದುಕೊಳ್ಳಬೇಡ. ನಾಳೆ ಕೆಲಸ ಹೋಗಿ ಒಂದು ತಿಂಗಳ ಬಾಡಿಗೆ ತಡವಾದರೆ ನಿನ್ನ ಮಾಲೀಕ ರಾತ್ರೋರಾತ್ರಿ ನಿನ್ನ ಹೆಂಡತಿ ಮಗುವನ್ನು ಬೀದಿಗೆ ಹಾಕಲಾಗದು. ಅದನ್ನು ತಡೆಯುವುದೂ ಇದೇ ಕಾನೂನು. ಜಾರ್ಜಿಯಾದಲ್ಲಿ 2024ರ ಜುಲೈಯಿಂದ ಬಾಡಿಗೆದಾರರ ಪರವಾಗಿ ಇನ್ನೊಂದು ಕಾನೂನು ಬಂದಿದೆ. ಡೆಪಾಸಿಟ್ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಕೇಳುವ ಹಾಗಿಲ್ಲ. ನಮ್ಮ ಕಡೆಯ ಬಗರ್ ಹುಕುಂ ಅರ್ಜಿಗಳನ್ನು ನೆನಪಿಸಿಕೋ. ಸ್ವಂತ ಜಮೀನಿಲ್ಲದವನು ಸರ್ಕಾರಿ ನೆಲವನ್ನು ವರ್ಷಾನುಗಟ್ಟಲೆ ಉತ್ತು ಬಿತ್ತಿದ್ದಾನೆ. ಅವನಿಗೆ ಪಟ್ಟಾ ಕೊಡಬೇಕು ಅಂದಾಗ ನಾವ್ಯಾರೂ ಅವನನ್ನು ಕಳ್ಳ ಅನ್ನಲಿಲ್ಲ. ನೆಲ ಹಿಡಿದವರೆಲ್ಲ ಒಂದೇ ಥರ ಇರುವುದಿಲ್ಲ.

ಆ ಸೈಕಲ್ ಇಟ್ಟಿದ್ದ ಹೆಂಗಸಿನ ವಿಷಯ ಇನ್ನೂ ಇದೆ. ಕೋರ್ಟಿನಲ್ಲಿ ಗೊತ್ತಾಯಿತು, ಆಕೆಯೂ ದುಡ್ಡು ಕಳೆದುಕೊಂಡವಳೇ. ಯಾರೋ ಆ ಖಾಲಿ ಮನೆಯ ಫೋಟೋಗಳನ್ನು ಮಾರಾಟದ ಜಾಹೀರಾತಿನಿಂದ ಎತ್ತಿ, ಬಾಡಿಗೆಗೆ ಇದೆ ಅಂತ ಹಾಕಿದ್ದರು. ಬಾಡಿಗೆ ಕಡಿಮೆ. ಮಾಲೀಕ ಬೇರೆ ಊರಲ್ಲಿದ್ದಾನೆ, ಮೊದಲು ಡೆಪಾಸಿಟ್ ಕಳಿಸಿ, ಬಾಗಿಲಿನ ಕೋಡ್ ಕೊಡುತ್ತೇವೆ ಅಂದಿದ್ದರು. ಆಕೆ ಕಳಿಸಿದಳು, ಒಳಗೆ ಸೇರಿದಳು. ಮನೆಯ ಮಾಲೀಕರ ಪಾಲಿಗೆ ಈಕೆ ಸ್ಕ್ವಾಟರ್, ಈಕೆಯ ಪಾಲಿಗೆ ಅದು ದುಡ್ಡು ಕೊಟ್ಟು ಬಂದ ಮನೆ. ಮಕ್ಕಳನ್ನು ಕಟ್ಟಿಕೊಂಡು ಆಕೆ ಎಲ್ಲಿಗೆ ಹೋದಳೋ. ಈಗಲೂ ನನಗೆ ಬೇಜಾರಾಗುತ್ತದೆ.

ಇದನ್ನು ಇಷ್ಟು ಉದ್ದ ಹೇಳಿದ್ದು ಯಾಕೆ ಗೊತ್ತಾ? ನಿನ್ನ ಪತ್ರದ ಕೊನೆಯ ಎರಡು ಸಾಲು. ಶಾಲೆಗೆ ಹತ್ತಿರ ಮೂರು ಬೆಡ್‌ರೂಮಿನ ಮನೆ ಸಿಕ್ಕಿದೆ, ಅಕ್ಕಪಕ್ಕದ ಮನೆಗಳಿಗಿಂತ ಬಾಡಿಗೆ ತುಂಬಾ ಕಡಿಮೆ, ಮಾಲೀಕ ಊರಲ್ಲಿಲ್ಲ, ಡೆಪಾಸಿಟ್ ಇವತ್ತೇ ಕಳಿಸು ಅಂತಿದ್ದಾನೆ ಅಂತ ಬರೆದಿದ್ದೀಯ. ಸ್ಕ್ವಾಟರ್ ಬಂದು ನಿನ್ನ ಮನೆ ಹಿಡಿಯುವುದಿರಲಿ, ನೀನೇ ಗೊತ್ತಿಲ್ಲದೆ ಇನ್ನೊಬ್ಬರ ಮನೆಯಲ್ಲಿ ಹೋಗಿ ಕೂರುವ ಹಾಗಿದೆ.

ಮನೆ ಕೊಳ್ಳುವುದಾದರೆ ಧೈರ್ಯವಾಗಿ ಕೊಳ್ಳು. ಊರಿಗೆ ಹೋಗುವಾಗ ಅಕ್ಕಪಕ್ಕದವರಿಗೆ ಹೇಳಿ ಹೋಗು. ಪತ್ರಗಳು ಡಬ್ಬಿಯಲ್ಲಿ ತುಂಬದ ಹಾಗೆ, ಹುಲ್ಲು ಬೆಳೆಯದ ಹಾಗೆ ಯಾರಿಗಾದರೂ ವಹಿಸು. ನಿನ್ನ ಹೆಸರಿನಲ್ಲಿ ಯಾವುದೇ ಪತ್ರ ರಿಜಿಸ್ಟರ್ ಆದರೆ ಈಮೇಲ್ ಬರುವ ಉಚಿತ ವ್ಯವಸ್ಥೆ ಜಾರ್ಜಿಯಾದಲ್ಲಿದೆ, ಮನೆ ಕೊಂಡ ದಿನವೇ ಅದಕ್ಕೆ ಸೇರಿಕೋ.

ಇನ್ನು ಬಳ್ಳಾರಿ ಮನೆ. ಬಾಡಿಗೆಯವರು 12 ವರ್ಷ ಇದ್ದರೂ, 25 ವರ್ಷ ಇದ್ದರೂ ಬಾಡಿಗೆಯವರೇ. 1963ರ ಲಿಮಿಟೇಷನ್ ಕಾಯ್ದೆಯ ಆ 12 ವರ್ಷ ಒಪ್ಪಿಗೆ ಇಲ್ಲದೆ, ಇದು ನನ್ನದೇ ಅಂತ ಎದುರು ನಿಂತು ಅನುಭವಿಸಿದವರಿಗೆ. ಸರ್ಕಾರಿ ಜಾಗಕ್ಕಾದರೆ 30 ವರ್ಷ. ಒಪ್ಪಿಗೆಯ ಮೇಲೆ ಇರುವವರಿಗೆ ಆ ಲೆಕ್ಕ ಶುರುವಾಗುವುದೇ ಇಲ್ಲ. ಮನೆ ಕಾಯಲು ಇಟ್ಟವರಿಗೂ ಎಷ್ಟು ವರ್ಷ ಇದ್ದರೂ ಹಕ್ಕು ಬರುವುದಿಲ್ಲ ಅಂತ 2012ರಲ್ಲಿ ಗೋವಾದ ಒಂದು ಮನೆಯ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಈ 12 ವರ್ಷದ ಕಾನೂನು ನ್ಯಾಯವಲ್ಲ ಅಂತ ಅದೇ ಕೋರ್ಟ್ 2008ರಲ್ಲಿ ಕಟುವಾಗಿ ಬರೆದಿತ್ತು. ಆದರೂ 2023ರಲ್ಲಿ ಕಾನೂನು ಆಯೋಗ ಬದಲಾವಣೆ ಬೇಡ ಅಂದಿತು, ಹಾಗಾಗಿ ಕಾನೂನು ಇದ್ದಂತೆಯೇ ಇದೆ.

ತೊಂದರೆ ಬರುವುದು ಒಪ್ಪಿಗೆಗೆ ಸಾಕ್ಷಿ ಇಲ್ಲದಾಗ. ನಿಮ್ಮ ಬಾಡಿಗೆಯವರು ಒಳ್ಳೆಯವರು, ಹಬ್ಬಕ್ಕೆ ಹೋಳಿಗೆ ಕೊಟ್ಟು ಕಳಿಸುವವರು, ಸರಿ. ಆದರೆ ಹಳೆಯ ಕರಾರಿನ ಅವಧಿ ಮುಗಿದು ಎಷ್ಟೋ ಕಾಲವಾಗಿದೆ, ಬಾಡಿಗೆಯನ್ನು ಅಮ್ಮನ ಕೈಗೆ ಕೊಡುತ್ತಾರೆ ಅಂತ ನೀನೇ ಬರೆದಿದ್ದೀಯ. ಅಮ್ಮ ಹೊರಡುವ ಮುಂಚೆ ಹೊಸ ಕರಾರು ಆಗಲಿ, 11 ತಿಂಗಳದ್ದು, ಪ್ರತಿ ಸಲ ಹೊಸದಾಗಿ ಬರೆಸಿ. ಬಾಡಿಗೆ ಬ್ಯಾಂಕಿಗೇ ಬರಲಿ. ಪಾಲಿಕೆಯ ಕಂದಾಯ ನಿಮ್ಮ ಹೆಸರಲ್ಲೇ ಕಟ್ಟಿ ರಸೀದಿ ಇಟ್ಟುಕೊಳ್ಳಿ. ಖಾತೆ ಇನ್ನೂ ಅಪ್ಪನ ಹೆಸರಿನಲ್ಲಿದೆ ಅಂದಿದ್ದೀಯಲ್ಲ, ಅದನ್ನು ಮೊದಲು ಅಮ್ಮ ಮತ್ತು ಮಕ್ಕಳ ಹೆಸರಿಗೆ ಮಾಡಿಸಿ, ಇ-ಖಾತಾ ತೆಗೆದುಕೊಳ್ಳಿ. ಸತ್ತವರ ಹೆಸರಿನಲ್ಲಿ ಇರುವ ಆಸ್ತಿ ಮೇಲೆ ಕಣ್ಣು ಹಾಕುವವರು ಎಲ್ಲ ಊರಲ್ಲೂ ಇದ್ದಾರೆ. ಗಣಿ ದುಡ್ಡು ಹರಿದ ಕಾಲದಲ್ಲಿ ಬಳ್ಳಾರಿಯ ಸೈಟುಗಳ ಬೆಲೆ ಹೇಗೆ ಏರಿತು ಅಂತ ನಾನು ನಿನಗೆ ಹೇಳಬೇಕಾಗಿಲ್ಲ. ಮನೆಗಿಂತ ಖಾಲಿ ಸೈಟಿಗೇ ಅಪಾಯ ಜಾಸ್ತಿ. ಕಪ್ಪಗಲ್ಲು ರಸ್ತೆಯ ಸೈಟಿಗೆ ಕಾಂಪೌಂಡ್ ಕಟ್ಟಿಸಿ, ಹೆಸರಿನ ಬೋರ್ಡ್ ಹಾಕಿಸಿ, ವರ್ಷಕ್ಕೊಮ್ಮೆ ಇಸಿ, ಅಂದರೆ ಆಸ್ತಿಯ ಮೇಲಿನ ವ್ಯವಹಾರ ತೋರಿಸುವ ಋಣಭಾರ ಪತ್ರ, ತೆಗೆಸಿ ನೋಡಿ.

ಸಿರುಗುಪ್ಪದ ಗದ್ದೆಯನ್ನು ಲಾವಣಿಗೆ, ಅಂದರೆ ಗೇಣಿಗೆ ಕೊಟ್ಟಿದ್ದೀರಿ. ಅಲ್ಲಿ ಪಹಣಿಯಲ್ಲಿ ಸಾಗುವಳಿ ಮಾಡುವವರ ಕಾಲಂ ಒಂದಿದೆ, ಅದರಲ್ಲಿ ಯಾರ ಹೆಸರು ಬರುತ್ತಿದೆ ಅಂತ ಆಗಾಗ ನೋಡುತ್ತಿರು. 1974ರ ಭೂಸುಧಾರಣೆಯಲ್ಲಿ ಉಳುವವನೇ ಒಡೆಯ ಆದದ್ದನ್ನು ಕಂಡ ಹಿರಿಯರು ಇವತ್ತಿಗೂ ಲಾವಣಿಯನ್ನು ಕಾಗದದ ಮೇಲೆ ಬರೆಯಲು ಹೆದರುತ್ತಾರೆ. ಇದೊಂದಕ್ಕೆ ಊರಿನ ಒಳ್ಳೆಯ ವಕೀಲರನ್ನೇ ಕೇಳು, ನನ್ನ ಮಾತು ಸಾಲದು.

ಇನ್ನು ಜಿಪಿಎ, ಅಂದರೆ ನಿಮ್ಮ ಪರವಾಗಿ ಆಸ್ತಿ ನೋಡಿಕೊಳ್ಳಲು ಇನ್ನೊಬ್ಬರಿಗೆ ಬರೆದುಕೊಡುವ ಅಧಿಕಾರ ಪತ್ರದ ವಿಷಯ. ಅಮ್ಮ ಊರಲ್ಲಿದ್ದಾಗಲೇ ಬಳ್ಳಾರಿಯಲ್ಲಿ ನೋಂದಣಿ ಮಾಡಿಸಿದರೆ ಸುಲಭ. ನೀನು ಕೊಡುವುದಾದರೆ ಅಟ್ಲಾಂಟಾದ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಬೇಕು. ಅದು ಊರು ತಲುಪಿದ ಮೂರು ತಿಂಗಳೊಳಗೆ ಸ್ಟ್ಯಾಂಪ್ ಮಾಡಿಸಬೇಕು. ಚಿಕ್ಕಪ್ಪನಾದರೂ ಸರಿ, ಭಾವನಾದರೂ ಸರಿ, ಕಂದಾಯ ಕಟ್ಟುವುದು, ಬಾಡಿಗೆ ವಸೂಲಿ, ಕೋರ್ಟು ಕಚೇರಿ, ಇಷ್ಟಕ್ಕೇ ಅಧಿಕಾರ ಕೊಡಿ. ಮಾರುವ ಅಧಿಕಾರ ಬರೆಯಬೇಡಿ. ಸಂಬಂಧ ಉಳಿಯಲಿ ಅಂತಲೇ ಹೇಳುತ್ತಿದ್ದೇನೆ.

ಆ ಮೂರು ಬೆಡ್‌ರೂಮ್ ಮನೆಯ ವಿಳಾಸವನ್ನು ಇವತ್ತೇ ನನಗೆ ಕಳಿಸು. ಕೌಂಟಿಯ, ಅಂದರೆ ಇಲ್ಲಿನ ಜಿಲ್ಲೆಯ, ತೆರಿಗೆ ದಾಖಲೆಯಲ್ಲಿ ಮಾಲೀಕರ ಹೆಸರು ಯಾರು ಬೇಕಾದರೂ ನೋಡಬಹುದು, ನಾನು ನೋಡಿ ಹೇಳುತ್ತೇನೆ. ಭಾನುವಾರ ನಾವಿಬ್ಬರೂ ಹೋಗಿ ಪಕ್ಕದ ಮನೆಯವರನ್ನು ಮಾತಾಡಿಸಿ ಬರೋಣ. ಅಲ್ಲಿಯವರೆಗೆ ಒಂದು ಡಾಲರ್ ಕೂಡ ಯಾರಿಗೂ ಕಳಿಸಬೇಡ. ಅವಸರ ಮಾಡಿದರೆ, ಅಕ್ಕ ಬಂದು ನೋಡಬೇಕಂತೆ ಅಂತ ಹೇಳು.