ನೆಲ ಒರೆಸಿದ್ದು ಸಾಕು, ಬಿಲ್ ತೆಗೆಯಿರಿ

ಪ್ರಶ್ನೆ: ಶಿರಾದಲ್ಲಿ ನಮ್ಮದು ಮೆಡಿಕಲ್ ಸ್ಟೋರ್. ಅಂಗಡಿ ಥಳಥಳ ಅಂತಿತ್ತು, ಎಕ್ಸ್‌ಪೈರಿ ಆದ ಒಂದು ಮಾತ್ರೆಯೂ ಇರಲಿಲ್ಲ, ಎಚ್‌1 ರಿಜಿಸ್ಟರ್ (ವೈದ್ಯರ ಚೀಟಿ ಇದ್ದರಷ್ಟೇ ಮಾರಬೇಕಾದ, ಪ್ರತ್ಯೇಕ ಲೆಕ್ಕ ಇಡಬೇಕಾದ ಔಷಧಗಳ ಪುಸ್ತಕ) ಪೂರ್ತಿ ಬರೆದಿದ್ದೆವು. ಆದರೂ ತಪಾಸಣೆ ಆದ ಮೇಲೆ ಷೋಕಾಸ್ ನೋಟಿಸ್ ಬಂದಿದೆ. ಯಾಕೆ ಸಾರ್?

ಉತ್ತರ: ಊರಿನ ಹೆಸರು ಬದಲಾಗುತ್ತದೆ, ಪ್ರಶ್ನೆ ಮಾತ್ರ ಇದೇ. ಡ್ರಗ್ ಇನ್ಸ್‌ಪೆಕ್ಟರ್ ಬರುವುದು ಲೆಕ್ಕ ತಾಳೆ ನೋಡಲು. ಎಚ್‌1 ಪಟ್ಟಿಯ ಟ್ರಮಡಾಲೋ ಆಲ್ಪ್ರಜೋಲಾಮೋ ಒಂದನ್ನು ಹಿಡಿದು ಹೋಲ್‌ಸೇಲ್ ಬಿಲ್ ಕೇಳುತ್ತಾರೆ. ಹಳೇ ಸ್ಟಾಕ್ ಸೊನ್ನೆ, ಬಿಲ್‌ನಲ್ಲಿ ಬಂದದ್ದು 30 ಸ್ಟ್ರಿಪ್, ರಿಜಿಸ್ಟರ್ ಪ್ರಕಾರ ಮಾರಿದ್ದು 11 ಎನ್ನಿ. ರ‍್ಯಾಕಿನಲ್ಲಿ 19 ಇರಬೇಕು, ಸಿಕ್ಕಿದ್ದು 12. ಉಳಿದ 7 ಚೀಟಿಯಿಲ್ಲದೆ ಹೋಗಿವೆ ಎಂದೇ ಅವರು ಬರೆದುಕೊಳ್ಳುವುದು. 26 ಸಿಕ್ಕರೆ ಇನ್ನೂ ಕಷ್ಟ: ಬಿಲ್ಲಿಲ್ಲದ ಮಾಲು.

ಎಣಿಕೆ ಕೂಡಿದರೂ ಬ್ಯಾಚ್ ನಂಬರ್ ಕೈಕೊಡುತ್ತದೆ. ಕಂಪ್ಯೂಟರ್ ಹಳೇ ಬ್ಯಾಚ್ ಹಾಕಿ ಬಿಲ್ ಮಾಡುತ್ತದೆ, ಹುಡುಗ ಕೈಗೆ ಸಿಕ್ಕ ಹೊಸ ಸ್ಟ್ರಿಪ್ ಕತ್ತರಿಸಿ ಕೊಡುತ್ತಾನೆ. ಇನ್ನು ನೀವು ಹೇಳುವ ‘ಪೂರ್ತಿ ಬರೆದ’ ರಿಜಿಸ್ಟರ್! ತಿಂಗಳ ಕೊನೆಗೆ ಒಂದೇ ಪೆನ್ನಿನಲ್ಲಿ, ಒಂದೇ ಕೂರಿಕೆಯಲ್ಲಿ ಬರೆದದ್ದು ದೂರದಿಂದಲೇ ಗೊತ್ತಾಗುತ್ತದೆ. ವೈದ್ಯರ ಹೆಸರು ಮತ್ತು ವಿಳಾಸ, ರೋಗಿಯ ಹೆಸರು, ಔಷಧ, ಪ್ರಮಾಣ ಕೊಟ್ಟ ಹೊತ್ತಿಗೇ ಬರೆಯಬೇಕು. ರಿಜಿಸ್ಟರನ್ನು 3 ವರ್ಷ ಇಡಬೇಕು. ರೋಗಿಯ ಕಾಲಂನಲ್ಲಿ ‘ಸೆಲ್ಫ್’ ಎಂದರೆ ಯಾರು?

ಎಚ್‌1 ಔಷಧಗಳನ್ನು ಒಂದೇ ರ‍್ಯಾಕಿಗೆ ತನ್ನಿ. ಷಟರ್ ಎಳೆಯುವ ಮುನ್ನ ದಿನವೂ ಎಣಿಸಿ, ಕತ್ತರಿಸಿದ ಸ್ಟ್ರಿಪ್ಪನ್ನು ಮಾತ್ರೆ ಲೆಕ್ಕದಲ್ಲಿ. ಕಡಿಮೆ ಬಿದ್ದರೆ ಆ ದಿನಾಂಕದಲ್ಲೇ ‘ಕಡಿಮೆ’ ಎಂದು ಬರೆಯಿರಿ. ಹಿಂದಿನ ಪುಟಕ್ಕೆ ಇಲ್ಲದ ರೋಗಿಯನ್ನು ತುರುಕಿದರೆ ಮರೆವು ಫೋರ್ಜರಿಯಾಗುತ್ತದೆ. ‘ರಿಜಿಸ್ಟರ್ ನಾವೇ ರೆಡಿ ಮಾಡಿಕೊಡ್ತೀವಿ’ ಎನ್ನುವ ದಲ್ಲಾಳಿಗೆ ನಿಮ್ಮ ರ‍್ಯಾಕಿನಿಂದ ಏನು ಹೋಯಿತು ಎಂಬುದೇ ಗೊತ್ತಿಲ್ಲ. ಅವನನ್ನು ಹೊಸಿಲು ತುಳಿಯಲು ಬಿಡಬೇಡಿ.

ನೋಟಿಸ್‌ಗೆ ಗಡುವಿನೊಳಗೆ, ಬಿಲ್ ನಕಲುಗಳನ್ನಿಟ್ಟು ಉತ್ತರಿಸಿ. ಲೈಸೆನ್ಸ್ ಅಮಾನತಾದರೆ ಡ್ರಗ್ಸ್ ರೂಲ್ಸ್‌ನ ನಿಯಮ 66ರಡಿ 3 ತಿಂಗಳೊಳಗೆ ರಾಜ್ಯ ಸರ್ಕಾರಕ್ಕೆ ಮೇಲ್ಮನವಿ ಹಾಕಬಹುದು.

ಪ್ರಶ್ನೆ: ಮುಂಚೆ ತಿಳಿಸದೆ ತಪಾಸಣೆಗೆ ಬರಬಹುದೇ? (ತಿಪಟೂರು)

ಉತ್ತರ: ಬರಬಹುದು.

ಪ್ರಶ್ನೆ: ಫ್ರಿಜ್ ಇದೆಯಲ್ಲ, ಥರ್ಮಾಮೀಟರ್ ಯಾಕೆ? (ಪಾವಗಡ)

ಉತ್ತರ: ಇನ್ಸುಲಿನ್‌ಗೆ 2ರಿಂದ 8 ಡಿಗ್ರಿ ಬೇಕು. ಫ್ರೀಜರ್ ಪಕ್ಕ ಇಟ್ಟು ಒಮ್ಮೆ ಹೆಪ್ಪುಗಟ್ಟಿದರೆ, ಕರಗಿದ ಮೇಲೂ ಅದು ಕಸಕ್ಕೇ. ರಾತ್ರಿ ಕರೆಂಟ್ ಹೋಗಿ ಬಂದದ್ದು ಬೆಳಗಿನ ಒಂದು ರೀಡಿಂಗ್‌ನಲ್ಲಿ ಕಾಣುವುದಿಲ್ಲ. ಕನಿಷ್ಠ, ಗರಿಷ್ಠ ಎರಡನ್ನೂ ತೋರಿಸುವುದನ್ನೇ ತನ್ನಿ. ಹಾಲಿನ ಪ್ಯಾಕೆಟ್ ಹೊರಗಿಡಿ.

ಪ್ರಶ್ನೆ: ಫಾರ್ಮಸಿಸ್ಟ್ ಬೆಂಗಳೂರಿನಲ್ಲಿದ್ದಾರೆ, ಸರ್ಟಿಫಿಕೇಟ್ ಗೋಡೆಯಲ್ಲಿದ್ದರೆ ಸಾಲದೇ? (ಗುಬ್ಬಿ)

ಉತ್ತರ: ಸಾಲದು. ಚೀಟಿಯ ಔಷಧವನ್ನು ಅವರೇ ಕೊಡಬೇಕು, ಇಲ್ಲವೇ ಎದುರು ನಿಂತು ಕೊಡಿಸಬೇಕು. ಬಾಡಿಗೆ ಸರ್ಟಿಫಿಕೇಟ್ ವಿಷಯಕ್ಕೆ ಇನ್ನು ಮೇಲೆ ನನಗೆ ಬರೆಯಬೇಡಿ.