122 ಕ್ರೆಡಿಟ್ ಇದ್ದರೂ ಪದವಿ ಯಾಕಿಲ್ಲ?

ಪ್ರಶ್ನೆ: ಸರ್, ನಾನು ಜೀವವಿಜ್ಞಾನವನ್ನು ಮೇಜರ್, ಅಂದರೆ ಮುಖ್ಯ ವಿಷಯವಾಗಿ ತೆಗೆದುಕೊಂಡು ನಾಲ್ಕು ವರ್ಷದ ಪದವಿ ಓದಿದ್ದೇನೆ. ನಿಯಮದ ಪ್ರಕಾರ 120 ಕ್ರೆಡಿಟ್ (ಪ್ರತಿ ಪತ್ರಿಕೆಯ ಓದಿನ ಅಳತೆ) ಬೇಕು. ನಾನು ಕೂಡಿಸಿದರೆ 122 ಬರುತ್ತದೆ. ಅದರಲ್ಲಿ 30 ಕ್ರೆಡಿಟ್ ಮೊದಲ ವರ್ಷ ಬೇರೆ ಕಾಲೇಜಿನಲ್ಲಿ ಗಳಿಸಿ ಇಲ್ಲಿಗೆ ತಂದದ್ದು. ಸಂಖ್ಯಾಶಾಸ್ತ್ರದಲ್ಲಿ ಡಿ ಬಂದಿತ್ತು ಎಂದು ಇನ್ನೊಮ್ಮೆ ಬರೆದು ಪಾಸಾದೆ. ಒಟ್ಟು ಗ್ರೇಡ್ ಸರಾಸರಿ 2.4 ಇದೆ. ಆದರೂ ವಿಶ್ವವಿದ್ಯಾಲಯದವರು “ಉನ್ನತ ಹಂತದ ಕ್ರೆಡಿಟ್ 40ಕ್ಕೆ 33, ಮೇಜರ್ ಸರಾಸರಿ 1.95, ಪದವಿಗೆ ಅರ್ಹತೆ ಇಲ್ಲ” ಎಂದು ಬರೆದಿದ್ದಾರೆ. ಇದು ಅನ್ಯಾಯವಲ್ಲವೇ? ಇನ್ನು ಏನು ಮಾಡಲಿ?

ಉತ್ತರ: ನಿಮ್ಮ ಬೇಸರ ಅರ್ಥವಾಗುತ್ತದೆ, ಆದರೆ ಅವರ ಲೆಕ್ಕದಲ್ಲಿ ತಪ್ಪಿಲ್ಲ. ಪ್ರತಿ ವರ್ಷ ಕೊನೆಯ ಸೆಮಿಸ್ಟರಿನಲ್ಲಿ ಇದೇ ಮುಖಭಾವ ಹೊತ್ತು ನಾಲ್ಕಾರು ಮಂದಿ ನನ್ನ ಮೇಜಿನ ಮುಂದೆ ಕೂರುತ್ತಾರೆ. ಎಲ್ಲರೂ ಕೂಡಿಸಿದ್ದು ಒಂದೇ ಸಂಖ್ಯೆಯನ್ನು, ಒಟ್ಟು ಕ್ರೆಡಿಟ್ಟನ್ನು. ಪದವಿಗೆ ಅದು ಹಲವು ಷರತ್ತುಗಳಲ್ಲಿ ಒಂದು ಮಾತ್ರ. ಮೇಜರ್ ವಿಷಯಕ್ಕೆ ಇಷ್ಟು, ಎಲ್ಲರಿಗೂ ಕಡ್ಡಾಯವಾದ ಭಾಷೆ, ಗಣಿತ, ಸಮಾಜವಿಜ್ಞಾನದಂಥ ಸಾಮಾನ್ಯ ವಿಷಯಗಳಿಗೆ ಇಷ್ಟು, ಉನ್ನತ ಹಂತಕ್ಕೆ ಇಷ್ಟು ಎಂದು ಬೇರೆ ಬೇರೆ ಖಾತೆಗಳಿರುತ್ತವೆ. ಒಂದು ಖಾತೆಯಲ್ಲಿ ಹೆಚ್ಚಾದದ್ದು ಇನ್ನೊಂದರ ಕೊರತೆ ತುಂಬುವುದಿಲ್ಲ.

ಮೊದಲಿಗೆ, ನಿಮ್ಮಲ್ಲಿರುವುದು 122 ಅಲ್ಲ, 119. ಒಂದೇ ಪತ್ರಿಕೆಯನ್ನು ಎರಡು ಸಲ ಬರೆದರೂ ಕ್ರೆಡಿಟ್ ಸಿಗುವುದು ಒಂದು ಸಲ. ಸಂಖ್ಯಾಶಾಸ್ತ್ರದ 3 ಕ್ರೆಡಿಟ್ ನಿಮ್ಮ ಕೂಡಿಕೆಯಲ್ಲಿ ಎರಡು ಬಾರಿ ನುಸುಳಿದೆ.

ಬೇರೆ ಕಾಲೇಜಿನಿಂದ ತಂದ 30 ಕ್ರೆಡಿಟ್ ಒಟ್ಟು ಮೊತ್ತವನ್ನು ಹಿಗ್ಗಿಸಿತು, ಅಷ್ಟೆ. ಮೊದಲ ವರ್ಷದ ಪಾಠಗಳು ಸ್ವಭಾವತಃ ಆರಂಭಿಕ ಹಂತದವು, ಹೆಚ್ಚಿನವು ಐಚ್ಛಿಕದ ಖಾತೆಗೆ ಹೋಗಿ ಬೀಳುತ್ತವೆ. ಕೊನೆಯ ಎರಡು ವರ್ಷ ಓದಬೇಕಾದ ಉನ್ನತ ಹಂತದ ಪತ್ರಿಕೆಗಳ ಜಾಗಕ್ಕೆ ಅವು ಬರುವುದಿಲ್ಲ. ನಿಮ್ಮ 7 ಕ್ರೆಡಿಟ್ ಕೊರತೆಯ ಮೂಲ ಬಹುಶಃ ಇಲ್ಲೇ ಇದೆ.

ಈಗ ಮುಖ್ಯ ತೊಡಕಿಗೆ ಬರೋಣ. ಒಟ್ಟು ಸರಾಸರಿ 2.4 ಇದ್ದೂ ಮೇಜರ್ ಸರಾಸರಿ ಪದವಿಗೆ ಬೇಕಾದ 2.0ಗಿಂತ ಕೆಳಗಿದೆ ಎಂದರೆ, ನಿಮ್ಮನ್ನು ಇಷ್ಟು ದಿನ ಎತ್ತಿ ಹಿಡಿದದ್ದು ಬೇರೆ ವಿಷಯಗಳು. ಮೇಜರ್‌ನಲ್ಲಿ 40 ಕ್ರೆಡಿಟ್ ಮುಗಿದಿದೆ ಎಂದುಕೊಳ್ಳೋಣ. ಪ್ರತಿ ಪತ್ರಿಕೆಯ ಕ್ರೆಡಿಟ್ಟನ್ನು ಗ್ರೇಡಿನ ಬೆಲೆಯಿಂದ ಗುಣಿಸಿದರೆ ಅಂಕ ಸಿಗುತ್ತದೆ. 1.95ರ ಸರಾಸರಿಗೆ ನಿಮ್ಮ ಬಳಿ 78 ಅಂಕಗಳಿವೆ, 2.0ಗೆ ಬೇಕಾದದ್ದು 80. ಎರಡೇ ಅಂಕ! ಆದರೆ ಉಳಿದ 7 ಕ್ರೆಡಿಟ್‌ನ ಪತ್ರಿಕೆಗಳಲ್ಲಿ ನಿಮಗೆ ಸಿ, ಅಂದರೆ ಸರಿಯಾಗಿ 2.0 ಬಂದರೆ, 92 ಅಂಕವನ್ನು 47ರಿಂದ ಭಾಗಿಸಿ 1.957ಕ್ಕೆ ನಿಲ್ಲುತ್ತೀರಿ. ಸಿ ಎಷ್ಟು ಸಲ ಬಂದರೂ ಸರಾಸರಿ 2.0 ಮುಟ್ಟುವುದಿಲ್ಲ, ಹತ್ತಿರ ಹತ್ತಿರ ಬಂದು ಅಲ್ಲೇ ತೆವಳುತ್ತದೆ. ಸಿ ಪ್ಲಸ್ (2.3) ಬಂದರೆ ಸರಾಸರಿ 2.002, ಅಂದರೆ ಉಗುರಿನಂಚಿನಲ್ಲಿ ದಾಟುತ್ತೀರಿ. ಬಿ (3.0) ಬಂದರೆ 2.106, ನೆಮ್ಮದಿ.

ಹಾಗಾಗಿ ನನ್ನ ಸಲಹೆ: ಮೇಜರ್ ವಿಭಾಗದಲ್ಲೇ ಉನ್ನತ ಹಂತದ ಎರಡು ಪತ್ರಿಕೆ ಹಿಡಿಯಿರಿ, ಒಂದು 4 ಕ್ರೆಡಿಟ್‌ನದು, ಇನ್ನೊಂದು 3ರದು. ಒಟ್ಟು ಮೊತ್ತ 126 ಆಗುತ್ತದೆ, ಉನ್ನತ ಹಂತ 40 ಆಗುತ್ತದೆ, ಸರಾಸರಿಯೂ ಏರುತ್ತದೆ. ಹಳೆಯ ಡಿ ಬಂದ ಪತ್ರಿಕೆಯನ್ನೇ ಮತ್ತೆ ಬರೆಯುವ ಆಸೆ ಬೇಡ. ಸರಾಸರಿ ಸುಧಾರಿಸಿದರೂ ಹೊಸ ಕ್ರೆಡಿಟ್ ಬರುವುದಿಲ್ಲ, 33 ಮೂವತ್ತಮೂರಾಗಿಯೇ ಉಳಿಯುತ್ತದೆ.

ಇನ್ನೊಂದು ಬಲೆ ಇದೆ. ರಜೆಯಲ್ಲಿ ಬೇರೆ ಕಡೆ ಸುಲಭದ ಪತ್ರಿಕೆ ಮುಗಿಸಿ ಕ್ರೆಡಿಟ್ ತರೋಣ ಎಂದು ಸ್ನೇಹಿತರು ಹೇಳುತ್ತಾರೆ. ಬಹುತೇಕ ಕಡೆ ಹೊರಗಿನಿಂದ ಬರುವುದು ಕ್ರೆಡಿಟ್ ಮಾತ್ರ, ಗ್ರೇಡ್ ಅಲ್ಲ. ಅಲ್ಲಿ ಎ ತೆಗೆದರೂ ನಿಮ್ಮ 1.95 ಕದಲುವುದಿಲ್ಲ. ಜೊತೆಗೆ ಕೊನೆಯ 30 ಕ್ರೆಡಿಟ್ ತಮ್ಮಲ್ಲೇ ಓದಿರಬೇಕು ಎನ್ನುವ ವಿಶ್ವವಿದ್ಯಾಲಯಗಳೂ ಇವೆ.

ನೀವು ಪ್ರವೇಶ ಪಡೆದ ವರ್ಷದ ನಿಯಮಪುಸ್ತಕವನ್ನೇ ತೆರೆಯಿರಿ. ಸಾಮಾನ್ಯವಾಗಿ ನಿಮಗೆ ಅನ್ವಯಿಸುವುದು ಅದು, ಈ ವರ್ಷದ್ದಲ್ಲ. ಅದರಲ್ಲಿ ವಿಚಿತ್ರ ಷರತ್ತುಗಳೂ ಇರಬಹುದು. ಅಮೆರಿಕದ ಎಂಐಟಿ ಮತ್ತು ಕಾರ್ನೆಲ್ ವಿಶ್ವವಿದ್ಯಾಲಯಗಳಲ್ಲಿ ಪದವಿಗೆ ಈಜು ಪರೀಕ್ಷೆಯೂ ಸೇರಿದೆ. ನಿಮ್ಮ ಜೀವವಿಜ್ಞಾನಕ್ಕೂ ಅದಕ್ಕೂ ಏನು ಸಂಬಂಧ ಎಂದು ಕೇಳಬೇಡಿ.

ಪ್ರಶ್ನೆ: ಯುರೋಪಿನಲ್ಲಿ ಮೂರು ವರ್ಷದ ಪದವಿಗೆ 180 ಕ್ರೆಡಿಟ್, ಇಂಗ್ಲೆಂಡಿನಲ್ಲಿ 360, ಅಮೆರಿಕದಲ್ಲಿ ನಾಲ್ಕು ವರ್ಷಕ್ಕೆ 120. ಯಾವುದು ಹೆಚ್ಚು ಕಷ್ಟ?

ಉತ್ತರ: ಮಾನದಂಡವೇ ಬೇರೆಯಾದ್ದರಿಂದ ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ಪ್ರಯೋಜನವಿಲ್ಲ. ಯುರೋಪಿನ ಒಂದು ಕ್ರೆಡಿಟ್ ಎಂದರೆ 25ರಿಂದ 30 ಗಂಟೆಯ ಕೆಲಸ, ವರ್ಷಕ್ಕೆ 60 ಕ್ರೆಡಿಟ್. ಬ್ರಿಟನ್ನಿನ ಒಂದು ಕ್ರೆಡಿಟ್ 10 ಗಂಟೆ, ಅಲ್ಲಿನ ಎರಡು ಯುರೋಪಿನ ಒಂದಕ್ಕೆ ಸಮ ಎಂದು ಲೆಕ್ಕ. ಅಮೆರಿಕದಲ್ಲಿ ವಾರಕ್ಕೆ ಒಂದು ಗಂಟೆ ತರಗತಿ, ಎರಡು ಗಂಟೆ ಸ್ವಂತ ಓದು, ಸುಮಾರು 15 ವಾರ. ಅಂದರೆ ಕ್ರೆಡಿಟ್‌ಗೆ 45 ಗಂಟೆ, 120 ಕ್ರೆಡಿಟ್‌ಗೆ 5,400. ಯುರೋಪಿನ 180ಕ್ಕೆ 4,500ರಿಂದ 5,400. ವ್ಯತ್ಯಾಸ ಅಂದುಕೊಂಡಷ್ಟಿಲ್ಲ. ಆದರೆ ಇವೆಲ್ಲ ಕಾಗದದ ಮೇಲಿನ ಗಂಟೆಗಳು. ಪರೀಕ್ಷೆಯ ಹಿಂದಿನ ರಾತ್ರಿ ಮಾತ್ರ ಓದುವವರನ್ನು ಈ ಲೆಕ್ಕ ಅರಿಯದು.

ಪ್ರಶ್ನೆ: ಘಟಿಕೋತ್ಸವದಲ್ಲಿ ವೇದಿಕೆ ಹತ್ತಿದರೆ ಪದವಿ ಸಿಕ್ಕಂತೆಯೇ?

ಉತ್ತರ: ಅಲ್ಲ. ಒಂದೆರಡು ಪತ್ರಿಕೆ ಬಾಕಿ ಇದ್ದರೂ ವೇದಿಕೆ ಹತ್ತಲು ಬಿಡುವ ವಿಶ್ವವಿದ್ಯಾಲಯಗಳಿವೆ, ಅಲ್ಲಿ ಕೈಗಿಡುವುದು ಪ್ರಮಾಣಪತ್ರವಿಲ್ಲದ ಖಾಲಿ ಕವರ್. ಎಲ್ಲ ಷರತ್ತು ಮುಗಿದು, ಬಾಕಿ ಶುಲ್ಕ ತೀರಿ, ನೀವೇ ಪದವಿಗೆ ಅರ್ಜಿ ಹಾಕಿದ ಮೇಲೆ ದಾಖಲೆಯಲ್ಲಿ ಪದವಿ ಪ್ರದಾನದ ದಿನಾಂಕ ಬೀಳುತ್ತದೆ. ಆ ಅರ್ಜಿಗೆ ಸಾಮಾನ್ಯವಾಗಿ ಕೊನೆಯ ಸೆಮಿಸ್ಟರಿನ ಆರಂಭದಲ್ಲೇ ಗಡುವು ಇರುತ್ತದೆ. ಪಾಸಾದ ಮೇಲೆ ಪದವಿ ತಾನಾಗಿ ಬರುತ್ತದೆಂದು ಕಾಯುತ್ತಾ ಕೂತು ಇನ್ನೊಂದು ಸೆಮಿಸ್ಟರ್ ಕಳೆದವರನ್ನು ನೋಡಿದ್ದೇನೆ.